ನನ್ನ ಮಾತನ್ನೂ ಕೇಳದ ಕಾವಲು

ಹುಣಸೂರಿನಲ್ಲಿ ಬೀದಿಗೊಂದು ಬ್ರೌಸಿಂಗ್ ಸೆಂಟರ್ ಎದ್ದಿದ್ದ ಕಾಲ. ಹೊಗೆಸೊಪ್ಪು ಬೆಳೆಯುವವರ ಸಣ್ಣ ಸಂಘವೊಂದಕ್ಕೆ ನಾನು ಹಟ ಹಿಡಿದು ಲಿನಕ್ಸ್ ಸರ್ವರ್ ಹಾಕಿಸಿದ್ದೆ. ಹರಾಜಿನ ದರ ಬಿಳಿಕೆರೆಯವರಿಗೂ ಕಟ್ಟೆಮಳಲವಾಡಿಯವರಿಗೂ ಕೂತಲ್ಲೇ ಕಾಣಬೇಕೆಂಬ ಆಸೆ. ದರದ ಪುಟ ಮಾತ್ರ ತೆರೆಯಲೊಲ್ಲದು. ಅನುಮತಿ ಇಲ್ಲ ಎನ್ನುವುದೊಂದೇ ಉತ್ತರ.

ಸಂಘದ ಅಧ್ಯಕ್ಷರು ಗುಡುಗಿ ಹೋಗಿದ್ದರು: "ನಾಳೆ ಹರಾಜು ಶುರುವಾಗೋ ಹೊತ್ಗೆ ದರ ಕಾಣ್ದೇ ಇದ್ರೆ ಈ ಪೆಟ್ಗೆ ಎತ್ಕೊಂಡೋಗು. ನಮ್ಗೆ ಹಳೇ ಕಂಪ್ಯೂಟರೇ ಸಾಕು."

ಯಂತ್ರಕ್ಕೆ ಒಡೆಯ ನಾನು. ಸರ್ವಾಧಿಕಾರದ ರೂಟ್ ಆಗಿ ಕೂತು ಆ ಪುಟದ ಫೈಲುಗಳಿಗೆ ಇದ್ದಬದ್ದ ಅನುಮತಿಯನ್ನೆಲ್ಲ ಕೊಟ್ಟೆ. ಊಹೂಂ. ಜೊತೆಗಿದ್ದ ಗೆಳೆಯ ಆಕಳಿಸಿದ: "ಎಸ್‌ಇಲಿನಕ್ಸ್ ಅಂತ ಒಂದು ಕಾವ್ಲು ಅದೆ ಕಣ್ಲಾ. ಎಲ್ರೂ ಆಫ್ ಮಾಡ್ತರೆ. ನೀನೂ ಮಾಡ್ಬುಡು."

ಮಾಡುವವನೇ ಇದ್ದೆ. ಆದರೆ ನನ್ನ ಮಾತು ಮೀರುವ ಈ ಧೀರ ಯಾರಪ್ಪಾ ಎಂದು ಸಿಟ್ಟಿನಲ್ಲೇ ಅದು ಬರೆದಿಡುವ ದಿನಚರಿ, ಲಾಗ್, ತೆಗೆದೆ. ಅದು ಹೇಳುತ್ತಿದ್ದುದಿಷ್ಟು: ಪುಟ ತೋರಿಸುವ ವೆಬ್ ಸರ್ವರ್ ಬಂತು, ಫೈಲಿನ ಮೇಲೆ ಯಾರದೋ ಮನೆಯ ಚೀಟಿ ಇದೆ, ತಡೆದೆ.

ಹೌದು, ಆ ಫೈಲುಗಳನ್ನು ನನ್ನ ಹೋಮ್ ಫೋಲ್ಡರಿನಲ್ಲಿ ಮಾಡಿ ಸಂಘದ ಫೋಲ್ಡರಿಗೆ ಸರಿಸಿದ್ದೆ. ಹಳೆಯ ಚೀಟಿ ಅಂಟಿಕೊಂಡೇ ಬಂದಿತ್ತು. ನಗು ತಡೆಯಲಾಗಲಿಲ್ಲ. ನಮ್ಮ ಚಿಕ್ಕಪ್ಪ ಒಮ್ಮೆ ಹರಾಜು ಕಟ್ಟೆಯಲ್ಲಿ ತನ್ನ ಕರಿ ಸೊಪ್ಪಿನ ಮೂಟೆಯನ್ನು ಒಳ್ಳೆ ಸೊಪ್ಪಿನ ಸಾಲಿಗೆ ನೂಕಿ ಮೀಸೆ ತಿರುವುತ್ತಾ ನಿಂತಿದ್ದ. ಮೂಟೆಯ ಮೇಲೆ ದರ್ಜೆಯ ಚೀಟಿ ಇರುವುದನ್ನೇ ಮರೆತಿದ್ದ. ನಾನೂ ಅದೇ ವಂಶ!

ಸಂಘದ ಫೋಲ್ಡರಿನಲ್ಲಿ ಇರುವುದನ್ನು ವೆಬ್ ಸರ್ವರ್ ಓದಬಹುದು, ಬರೆಯುವಂತಿಲ್ಲ ಎಂಬ ನಿಯಮ ಸೇರಿಸಿ, ಚೀಟಿಗಳನ್ನು ಹೊಸದಾಗಿ ಹಚ್ಚಿಸಿದೆ. ಪುಟ ತೆರೆಯಿತು. ಮೈ ಜುಮ್ಮೆಂದಿತು. ಒಡೆಯನೂ ಎಡವಿಯಾನು ಎಂದು ಎಲ್ಲೋ ಕೂತ ಯಾರೋ ಮೊದಲೇ ಯೋಚಿಸಿ ಈ ಕಾವಲು ಕಟ್ಟಿದ್ದರು. ದೇವರ ಮುಂದೆ ನಿಂತಾಗಲೂ ನನಗೆ ಅಷ್ಟು ಭಯಭಕ್ತಿ ಬಂದದ್ದಿಲ್ಲ. ಗೆಳೆಯ ಟೀ ಕುಡಿಯಲು ಕರೆದರೂ ಏಳಲಿಲ್ಲ, ಆ ಲಾಗನ್ನೇ ಮತ್ತೆ ಮತ್ತೆ ಓದುತ್ತಾ ಕೂತಿದ್ದೆ.

ಬೆಳಿಗ್ಗೆ ಅಧ್ಯಕ್ಷರು ಬಂದು ಪುಟ ನೋಡಿದರು. ಇಷ್ಟು ದಿನ ಯಾಕೆ ಸತಾಯಿಸಿತು ಎಂದು ಕೇಳಿದರು. ಇದ್ದದ್ದನ್ನು ಇದ್ದಂತೆ ಹೇಳಿದೆ.

"ನೀನೇ ಬುಡು ಅಂದ್ರೂ ಬುಡ್ನಿಲ್ವಾ?"

"ಇಲ್ಲಣ್ಣ, ಬುಡ್ನಿಲ್ಲ."

ಅವರು ಪೆಟ್ಟಿಗೆಯ ನೆತ್ತಿ ತಟ್ಟಿದರು.

"ಅಂಗಾರೆ ಇದು ಇಲ್ಲೇ ಇರ್ಲಿ. ಆ ಹಳೇದ ಎತ್ಕೊಂಡೋಗು."