ಸರ್ ಸಲುವಾಗಿ ಹಿಡಿದ ಸೀಟು

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೀಟು ಸಿಗಬೇಕಾದರೆ ಬಾಗಿಲಿನ ಆಸೆ ಬಿಡಬೇಕು. ಬಸ್ಸು ನಿಲ್ದಾಣದೊಳಗೆ ತಿರುಗುತ್ತಿದ್ದಂತೆಯೇ ಓಡಿಹೋಗಿ ಕಿಟಕಿಯಿಂದ ಕರ್ಚೀಫು ಎಸೆಯಬೇಕು. ಕರ್ಚೀಫು ಬಿದ್ದ ಸೀಟಿಗೆ ಯಾರೂ ತಕರಾರು ಮಾಡುವುದಿಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿ ಗದ್ದಲ ಹೆಚ್ಚಿದ ಮೇಲಂತೂ ನನ್ನ ಗುರಿ ಅರ್ಜುನನೂ ನಾಚುವಂತಾಗಿತ್ತು.

ಡಿಗ್ರಿಯ ಕೊನೆಯ ವರ್ಷ ನಾನು ಎರಡು ಕರ್ಚೀಫು ಎಸೆಯುತ್ತಿದ್ದೆ. ಒಂದು ನನಗೆ, ಇನ್ನೊಂದು ಇತಿಹಾಸ ಕಲಿಸುವ ನಮ್ಮ ಸರ್‌ಗೆ. ಅವರೂ ಹುಮನಾಬಾದಿನವರೇ. ಆರಾಮಾಗಿ ಚಹಾ ಕುಡಿದು, ಬಸ್ಸು ಹೊರಡುವ ಹೊತ್ತಿಗೆ ಹತ್ತಿ, ನಾನು ಹಿಡಿದಿಟ್ಟ ಸೀಟಿನಲ್ಲಿ ಕೂತುಬಿಡುವ ಆಸಾಮಿ.

ಇಳಿದ ಮೇಲೆ ಕಥೆಯೇ ಬೇರೆ. ಅವರ ಮೋಟರ್‌ಸೈಕಲ್ ಬಸವಕಲ್ಯಾಣದ ಬಸ್‌ಸ್ಟ್ಯಾಂಡ್ ಹತ್ತಿರವೇ ನಿಂತಿರುತ್ತಿತ್ತು. ನಾನು ನಡೆದು ಕಾಲೇಜು ಮುಟ್ಟುವಷ್ಟರಲ್ಲಿ ಅವರು ಹಾಜರಿ ತೆಗೆದು ಮುಗಿಸಿರುತ್ತಿದ್ದರು. ತಮ್ಮ ನಂತರ ಬಂದವರಿಗೆಲ್ಲ ಗೈರುಹಾಜರಿ ಎಂಬುದು ಅವರ ಕಾಯ್ದೆ. ಹುಲಸೂರು, ಚಿಟಗುಪ್ಪದಿಂದ ಬಸ್ಸಿಗೆ ಬರುವವರ ಗತಿಯೂ ಅದೇ. ಒಮ್ಮೆ ಕೇಳಿದ್ದಕ್ಕೆ, "ನೀ ಸೀಟ್ ಹಿಡಿ, ನಿನ್ನ ಹಾಜರಿ ನಾ ನೋಡ್ಕೋತೀನಿ" ಅಂದಿದ್ದರು. ನಾನು ನಂಬಿದೆ.

ಪರೀಕ್ಷೆ ಹತ್ತಿರ ಬಂದಾಗ, ಹಾಜರಿ ಸಾಲದೆ ಪರೀಕ್ಷೆಗೆ ಕೂರುವಂತಿಲ್ಲದವರ ಹೆಸರುಗಳನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಇತಿಹಾಸದ ಕೆಳಗೆ ನನ್ನ ಹೆಸರೂ ಇತ್ತು. ಮೈಯೆಲ್ಲ ಉರಿದುಹೋಯಿತು. ಒಂದು ವರ್ಷ ಮಣ್ಣುಪಾಲಾಗುವ ಮಾತು ಅದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ, ಸರಿ. ಆದರೆ ಈ ಮನುಷ್ಯ ದಿನಾ ಹೊಳೆ ದಾಟುವವರು, ಅದನ್ನಾದರೂ ನೆನಪಿಡಬೇಡವೇ?

"ಹೋಗಿ ಕಾಲು ಹಿಡಿ" ಅಂದಳು ಗೆಳತಿ. "ಸೀಟು ಹಿಡಿದದ್ದೇ ಸಾಕಾಗ್ಯದ" ಅಂದೆ.

ಮರುದಿನವೂ ಎರಡು ಕರ್ಚೀಫು ಎಸೆದೆ. ಆದರೆ ಸರ್ ಸೀಟಿನಲ್ಲಿ ಸಂತೆಗೆ ಹೊರಟಿದ್ದ ಅಜ್ಜಿಯೊಬ್ಬಳನ್ನು ಕೂರಿಸಿದೆ. ಬಸ್ಸು ಹೊರಡುವಾಗ ಸರ್ ಹತ್ತಿ ಬಂದರು.

"ನನ್ನ ಸೀಟ್ ಎಲ್ಲದ?"

ನಾನು ಎದ್ದು ನಿಂತು ಹೇಳಿದೆ: "ನಿಮ್ಮ ಹೆಸರ ಕರದೆ ರಿ ಸರ್, ಯಾರೂ ಓ ಅನ್ನಲಿಲ್ಲ. ಗೈರುಹಾಜರಿ ಹಾಕಿ ಅಜ್ಜಿಗೆ ಕೊಟ್ಟೆ."

ಬಸ್ಸಿಗೆ ಬಸ್ಸೇ ನಕ್ಕಿತು.

"ನಾ ಬಂದೀನಲ್ಲ! ಬಸ್ ಇನ್ನಾ ಇಲ್ಲೇ ಅದ!"

"ನಾನೂ ಬಂದಿದ್ದೆ ರಿ ಸರ್. ದಿನಾ. ಇದೇ ಬಸ್ಸಿನ್ಯಾಗ."

ಅಜ್ಜಿಗೆ ಏನು ತಿಳಿಯಿತೋ, "ಬರ್ರಿ ಮಾಸ್ತರ, ನಮ್ಮ ಚೀಲದ ಮ್ಯಾಲ ಕೂಡ್ರಿ" ಎಂದು ಕಾಲ ಬಳಿಯ ಉಳ್ಳಾಗಡ್ಡಿ ಚೀಲ ತೋರಿಸಿದಳು. ಅವರು ಕೂರಲಿಲ್ಲ. ಬಸವಕಲ್ಯಾಣದವರೆಗೂ ಮೇಲಿನ ಸಲಾಕೆ ಹಿಡಿದು ನಿಂತೇ ಬಂದರು. ನನಗೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಮುಂದೇನು ಗತಿ ಎಂಬ ಭಯ.

ಅಂದು ನಾನು ಓಡುತ್ತಾ ಕ್ಲಾಸಿಗೆ ಹೋದಾಗ ಹಾಜರಿ ಪುಸ್ತಕ ಇನ್ನೂ ಮುಚ್ಚಿಯೇ ಇತ್ತು. ಬಸ್ಸಿನವರೆಲ್ಲ ಬಂದು ಕೂತ ಮೇಲೆ ಸರ್ ಅದನ್ನು ತೆರೆದರು. ಸಂಜೆ ನೋಟಿಸ್ ಬೋರ್ಡಿನಲ್ಲಿ ಇತಿಹಾಸದ ಕೆಳಗೆ ಬಸ್ಸಿಗೆ ಬರುವ ನಮ್ಮ ಯಾರ ಹೆಸರೂ ಇರಲಿಲ್ಲ. ಸರ್ ನನ್ನನ್ನು ಕರೆದು, "ನೀ ದಿನಾ ಬಂದದ್ದಕ್ಕ ನಾನೇ ಸಾಕ್ಷಿ ಇದ್ದೆ. ತಪ್ಪಾಯ್ತು" ಅಂದರು. ಅಷ್ಟು ದೊಡ್ಡವರ ಬಾಯಲ್ಲಿ ಆ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ಸಿಟ್ಟೆಲ್ಲ ಅಲ್ಲೇ ಕರಗಿತು.

ಮರುದಿನ ಮನೆ ಬಿಡುವುದು ತಡವಾಗಿ, ನಾನು ನಿಲ್ದಾಣ ಸೇರಿದಾಗ ಬಸ್ಸು ತುಂಬಿ ನಿಂತಿತ್ತು. ಕಿಟಕಿಯಿಂದ ಸರ್ ಅರ್ಧ ಹೊರಗೆ ಬಾಗಿದ್ದರು. ಪಕ್ಕದ ಸೀಟಿನ ಮೇಲೆ ಅವರ ಬಿಳಿ ಕರ್ಚೀಫು. ಇಡೀ ನಿಲ್ದಾಣಕ್ಕೆ ಕೇಳುವಂತೆ, ಕ್ಲಾಸಿನಲ್ಲಿ ಕರೆಯುವ ಧಾಟಿಯಲ್ಲೇ ನನ್ನ ಹೆಸರು ಕೂಗಿದರು.

"ಹಾಜರ್ ರಿ ಸರ್!" ಎಂದು ಕೂಗುತ್ತಾ ಓಡಿದೆ.