ಅಮ್ಮನ ಮಡಕೆಯ ಬೂದಿ

ಹಗ್ಗದಾಚೆ ಬಗ್ಗಿದ ಅಕ್ಕ ಒಂದು ಚಿಟಿಕೆ ಬೂದಿಮಣ್ಣು ತೆಗೆದು ಬೆರಳಲ್ಲಿ ಉಜ್ಜಿದಳು. ಗೈಡ್ ಹೆಂಗಸು ಗದರುತ್ತಲೇ ಓಡಿ ಬಂದಳು. ನಾವಿದ್ದದ್ದು ಗ್ರೀಸಿನ ಸ್ಯಾಂಟೊರಿನಿ ಎಂಬ ಪುಟ್ಟ ದ್ವೀಪದಲ್ಲಿ, ಸಾವಿರಾರು ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಊರಿನ ನಡುವೆ. ಜನರೆಲ್ಲ ಮೊದಲೇ ಊರು ಬಿಟ್ಟಿದ್ದರಂತೆ, ಮಡಕೆಗಳಲ್ಲಿದ್ದ ಕಾಳು ಮಾತ್ರ ಉಳಿದಿತ್ತಂತೆ. ಗೈಡ್ ಅದನ್ನು ಆಗಷ್ಟೇ ಹೇಳಿ ಮುಗಿಸಿದ್ದಳು.

"ಬೂದೀಲಿಟ್ಟ ಕಾಳಿಗೆ ಹುಳ ಬೀಳಲ್ಲ ಕಣೇ," ಎಂದಳು ಅಕ್ಕ, ಗದರಿದ್ದು ಕೇಳಿಸಲೇ ಇಲ್ಲವೆಂಬಂತೆ. "ಅಮ್ಮ ಬಿತ್ತನೆ ಅವರೆಕಾಳ್ನ ಹಿಂಗೇ ತಾನೇ ಇಡ್ತಿದ್ದಿದ್ದು?"

ಯಲ್ದೂರಿನ ನಮ್ಮ ಅಡುಗೆಮನೆ ಕಣ್ಣ ಮುಂದೆ ಬಂತು. ಅಮ್ಮ ಒಲೆಯ ಬೂದಿಯನ್ನು ಜರಡಿ ಹಿಡಿದು, ಅವರೆಗೆ ಬೆರೆಸಿ, ಮಡಕೆಯ ಬಾಯಿಗೆ ಸಗಣಿ ಮೆತ್ತುತ್ತಿದ್ದಳು. ಗೈಡ್‌ಗೆ ಇಂಗ್ಲಿಷಿನಲ್ಲಿ ಇಷ್ಟನ್ನೂ ವಿವರಿಸಿದೆ. ಅವಳು ನಕ್ಕಳು. ಆದರೂ ಅಕ್ಕನ ಬೆರಳಿನ ಬೂದಿಯನ್ನು ಅಲ್ಲೇ ಕೊಡವಿಸಿದಳು.

ಊರಿಗೆ ಬಂದವರೇ ಅಟ್ಟದ ಮೇಲಿದ್ದ ಅಮ್ಮನ ಮಡಕೆ ಇಳಿಸಿದೆವು. ಅವಳು ಹೋಗಿ ಆರು ವರ್ಷ. ಬೂದಿಯ ತಳದಲ್ಲಿ ಒಂದು ಹಿಡಿ ಅವರೆ ಇತ್ತು, ಒಂದಕ್ಕೂ ಹುಳ ಬಿದ್ದಿರಲಿಲ್ಲ. ಮೊಳೆಯದೇ ಹೋದರೆ ಎಂದು ಇಬ್ಬರಿಗೂ ಭಯ. ಇನ್ನೂ ಬಿತ್ತಿಲ್ಲ.