ಒಳಗಿನ ಖೋಲಿಗೆ ನೆಟ್ ಬಂದದ್ದು

ಭಾಲ್ಕಿಯ ನಮ್ಮ ಮನೆಯ ಗೋಡೆಗಳು ಎಷ್ಟು ದಪ್ಪವೆಂದರೆ ಕಡು ಬೇಸಿಗೆಯಲ್ಲೂ ಒಳಗಿನ ಖೋಲಿ ತಂಪಾಗಿರುತ್ತದೆ. ಎರಡೂ ಕಡೆ ಕೆಂಪು ಕಲ್ಲು, ನಡುವೆ ಮಣ್ಣು. ಸೊಸೆಯಾಗಿ ಬಂದ ಹೊಸದರಲ್ಲಿ ಈ ತಂಪನ್ನು ತವರಿನಲ್ಲಿ ಹೊಗಳಿಕೊಂಡಿದ್ದೆ. ಅದೇ ಗೋಡೆಗಳ ಮೇಲೆ ಸಿಟ್ಟು ಬಂದದ್ದು, ಅತ್ತೆ ಮುಂಗಾರಿನಲ್ಲಿ ಅಂಗಳದಲ್ಲಿ ಜಾರಿಬಿದ್ದು ತೊಡೆಯ ಎಲುಬು ಮುರಿದುಕೊಂಡು ಆ ಖೋಲಿಯಲ್ಲಿ ಮಲಗಿದ ಮೇಲೆ.

ಅತ್ತೆಗೆ ಒಬ್ಬಳೇ ತಂಗಿ. ಔರಾದ ತಾಲ್ಲೂಕಿನ ಚಿಂತಾಕಿಗೆ ಕೊಟ್ಟಿದ್ದರು. ನಮಗೆಲ್ಲ ಅವರು ಮೌಶಿ. ಪ್ರತಿ ಪಂಚಮಿಗೆ ಬರುತ್ತಿದ್ದರು. ಅಕ್ಕತಂಗಿ ಕನ್ನಡದಲ್ಲಿ ಮಾತು ಶುರು ಮಾಡಿ, ಮರಾಠಿಯಲ್ಲಿ ಜಗಳಾಡಿ, ಮತ್ತೆ ಕನ್ನಡದಲ್ಲಿ ರಾಜಿಯಾಗುತ್ತಿದ್ದರು. ಆ ವರ್ಷ ಮೌಶಿಗೂ ಮೊಣಕಾಲು ಹಿಡಿದಿತ್ತು. ಕಾರು ಕಳಿಸುತ್ತೇವೆ ಎಂದರೆ, “ಸೋಯಾ ರಾಶಿ ಆಗ್ಲಿ, ಬರ್ತೇನಿ” ಎನ್ನುತ್ತಿದ್ದರು.

ಅತ್ತೆಗೆ ಕಿವಿ ಮಂದ. ಬರೀ ಫೋನಿನಲ್ಲಿ ಮಾತು ತಿಳಿಯದು. ಮುಖ ಕಂಡರೆ ತುಟಿ ನೋಡಿ ಹಿಡಿಯುತ್ತಿದ್ದರು. ಅದಕ್ಕೆ ವಿಡಿಯೋ ಕಾಲೇ ಬೇಕು. ವೈಫೈ ಡಬ್ಬಿ ಇದ್ದದ್ದು ಬಾಗಿಲ ಹತ್ತಿರದ ಪಡಸಾಲೆಯಲ್ಲಿ. ಒಳಗಿನ ಖೋಲಿಯಲ್ಲಿ ಕಾಲ್ ಹಚ್ಚಿದರೆ ಮೌಶಿಯ ಮುಖ ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತು. ಮತ್ತೆ ಅಲುಗುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು.

“ಮಂಚಾ ಪಡಸಾಲ್ಯಾಗ ಹಾಕೋಣೇನ್ರಿ?” ಎಂದು ಕೇಳಿದೆ.

“ಬಂದ್ ಹೋಗೋರ ಮುಂದ ನಾ ಹ್ಯಾಂಗ ಮಲಗ್ಲಿ?” ಎಂದರು ಅತ್ತೆ. ನಾನು ಒತ್ತಾಯ ಮಾಡಲಿಲ್ಲ.

ನನ್ನ ಗಂಡ ಬೀದರಿನಿಂದ ಸಿಗ್ನಲ್ ಮುಂದಕ್ಕೆ ದಾಟಿಸುವ ಇನ್ನೊಂದು ಸಣ್ಣ ಡಬ್ಬಿ ತಂದರು. ಖೋಲಿಯಲ್ಲಿಟ್ಟರೆ ಅದಕ್ಕೇ ಸಿಗ್ನಲ್ ಸಿಗದೆ ಕೆಂಪು ದೀಪ ಮಿಣುಕಿತು. ನೆಟ್ ಹಾಕುವವನು ಬಂದು ನೋಡಿ, ವೈರ್ ಎಳೆದು ಒಳಗೇ ಬೇರೆ ಡಬ್ಬಿ ಕೂಡಿಸಬೇಕು, ಅದಕ್ಕೆ ನಡುವಿನ ಗೋಡೆಗೆ ತೂತು ಕೊರೆಯಬೇಕು ಎಂದ.

ಮನೆ ಪಾಲಾದಾಗ ಆ ನಡುವಿನ ಭಾಗ ಭಾವನವರಿಗೆ ಹೋಗಿತ್ತು. ಭಾವ ಎಂದರೆ ನನ್ನ ಗಂಡನ ದೊಡ್ಡಪ್ಪನ ಮಗ. ಅವರು ಒಪ್ಪಲಿಲ್ಲ.

“ಮಶೀನ್ ಹಚ್ಚಿದ್ರ ಒಳಗಿನ ಮಣ್ಣೆಲ್ಲಾ ಸುರೀತದ. ಒಂದು ಗೂಟಾ ಹೊಡಿಲಾಕ ಹೋದಾಗೇ ಬೊಗಸಿ ಮಣ್ಣು ಬಿದ್ದದ. ಗ್ವಾಡಿ ಕುಂತ್ರ ಏನ್ ಮಾಡೋದು?”

ಸುಳ್ಳು ಹೇಳಿರಲಿಲ್ಲ ಅವರು. ಆ ಗೂಟದ ಕುಳಿ ನಾನೂ ನೋಡಿದ್ದೆ. ನನ್ನ ಗಂಡ ಮತ್ತೆ ಮತ್ತೆ ಕೇಳಿದರು, ಭಾವ ನೋಡೋಣ ಎಂದರು. ಪಂಚಮಿ ಬಂತು, ಹೋಯಿತು. ಅತ್ತೆ ದಿನಾ ಒಮ್ಮೆ, “ನೆಟ್ಟಿಂದು ಏನಾತು?” ಎನ್ನುತ್ತಿದ್ದರು.

ಅಷ್ಟರಲ್ಲಿ ಚಿಂತಾಕಿಯಿಂದ ಸುದ್ದಿ ಬಂತು. ಮೌಶಿಗೆ ಲಕ್ವ ಹೊಡೆದು ಬೀದರಿನ ದವಾಖಾನೆಗೆ ತಂದಿದ್ದರು. ಜೀವ ಉಳಿಯಿತು, ಮಾತೂ ತಿರುಗಿ ಬಂತು, ಆದರೆ ನೆನಪು ಕಲಸಿಹೋಗಿತ್ತು. ನೋಡಿಬಂದ ನನ್ನ ಗಂಡ ಅಷ್ಟನ್ನೆಲ್ಲ ತಾಯಿಗೆ ಹೇಳಲಿಲ್ಲ. ಆರಾಮಾಗಿ ಮನೆಗೆ ಹೋಗ್ಯಾರ ಎಂದಷ್ಟೇ ಹೇಳಿದರು.

ಒಂದು ದೊಡ್ಡ ಮಳೆಯ ಮರುದಿನ, ಮಾಳಿಗೆ ಎಲ್ಲಿ ಸೋರುತ್ತಿದೆಯೆಂದು ನೋಡಲು ಭಾವ ಮೇಲೆ ಹತ್ತಿದರು. ಅತ್ತೆಯ ಖೋಲಿಯ ಬೆಳಕಿಂಡಿಯ ಹತ್ತಿರ ಕೂತವರು ಅಲ್ಲಿಂದಲೇ ನನ್ನ ಗಂಡನನ್ನು ಕೂಗಿದರು. “ಗ್ವಾಡಿ ಯಾಕ ಬೇಕೋ? ವೈರ್ ಮಾಳಿಗಿ ಮ್ಯಾಲಿಂದ ತಂದು ಇಲ್ಲಿಂದ ಇಳಿಸಿದ್ರ ಆಯ್ತಲ್ಲ.” ಇಷ್ಟು ದಿನ ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಸಂಜೆಯೊಳಗೆ ಕೆಲಸ ಮುಗಿಯಿತು.

ಮರುದಿನ ಮಧ್ಯಾಹ್ನ ಅತ್ತೆ ತಲೆ ಬಾಚಿಸಿಕೊಂಡು ಕುಂಕುಮ ಇಡಿಸಿಕೊಂಡರು. ಅತ್ತ ಮೌಶಿಯ ಸೊಸೆ ಫೋನ್ ಹಿಡಿದಿದ್ದಳು. ಚಿತ್ರ ಎಷ್ಟು ಸ್ವಚ್ಛವಿತ್ತೆಂದರೆ ಮೌಶಿಯ ಗದ್ದದ ಹಚ್ಚೆಯೂ ಕಾಣುತ್ತಿತ್ತು. ಮೌಶಿ ಬಹಳ ಹೊತ್ತು ನೋಡಿದರು. ಆಮೇಲೆ, “ಅವ್ವಾ, ಊಟಾ ಆತೇನವ್ವಾ?” ಎಂದರು.

ಅತ್ತೆ ಮಾತು ತಪ್ಪು ಹಿಡಿದಾರೆಂದು ನಾನು ಕಿವಿಯ ಹತ್ತಿರ ಬಾಗಿದೆ. ಅವರು ಕೈಯಿಂದ ನನ್ನನ್ನು ಸರಿಸಿದರು.

“ಆತು. ನಿಂದಾತೇನು?”

“ಅಕ್ಕ ಎಲ್ಲಿ ಹೋಗ್ಯಾಳ? ನನ್ನ ಬಿಟ್ಟು ಹೋದ್ಲು.”

ಅತ್ತೆ ಫೋನನ್ನು ಮುಖದ ಹತ್ತಿರ ತಂದುಕೊಂಡರು. “ನೀರಿಗಿ ಹೋಗ್ಯಾಳ. ಬರ್ತಾಳ. ಅಳಬ್ಯಾಡ.”

ಕಾಲ್ ಮುಗಿದ ಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, “ಅವ್ವ ಹ್ಯಾಂಗ ಮಾತಾಡ್ತಿದ್ಲು ಅಂತ ನಂಗೂ ಚಂದಾಗಿ ನೆಪ್ಪಿಲ್ಲ. ತಿಳಿದಂಗ ಆಡ್ದೆ” ಎಂದರು. ಇಷ್ಟು ತಿಂಗಳಿಂದ ತಂಗಿಗೆ ಹೇಳಬೇಕೆಂದು ಕೂಡಿಟ್ಟುಕೊಂಡದ್ದು ಏನೇನಿತ್ತೋ, ನಾನು ಕೇಳಲಿಲ್ಲ.

ಮುಂದೆ ಹೆಚ್ಚುಕಡಿಮೆ ದಿನಾಲೂ ಮಾತಾಡಿದರು, ಅವ್ವ ಮತ್ತು ಮಗಳಾಗಿ. ಸಂಕ್ರಾಂತಿ ಕಳೆದ ಮೇಲೆ ಮೌಶಿ ತೀರಿಕೊಂಡರು. ಒಮ್ಮೆಯೂ ಅತ್ತೆಯನ್ನು ಅಕ್ಕ ಎನ್ನಲಿಲ್ಲ.

ಮಣ್ಣಿಗೆ ಹೋಗಿಬಂದ ಮರುದಿನ ಭಾವ ಅತ್ತೆಯ ಮಂಚದ ಹತ್ತಿರ ಬಂದು ಕೂತರು. “ಕಾಕಿ, ನಾ ಮದ್ಲೇ ಮಾಳಿಗಿ ಹತ್ತಿ ನೋಡಿದ್ರ…” ಎಂದರು, ತಲೆ ಬಗ್ಗಿಸಿಕೊಂಡೇ.

“ಏನಂದಿ?” ಎಂದರು ಅತ್ತೆ.

ಭಾವ ಮತ್ತೆ ಹೇಳಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, ಅವನಿಗೆ ಚಹಾ ಮಾಡು ಎಂದರು.